ಷರಾ

ನನಗೆ ಗಾಡಿ ಓಡಿಸಲು ಬರುವುದಿಲ್ಲ.
ಅಜ್ಮಾನಿನ ಈ ಲಾಂಡ್ರಿ ಕಂಪನಿಯ ಹಿಂದಿನ ಕೋಣೆಯಲ್ಲಿ
ಹದಿನೇಳು ವ್ಯಾನುಗಳ ದಂಡ ಬರೆಯುವ ಗುಮಾಸ್ತ ನಾನು;
ಲೈಸೆನ್ಸಿನ ಪರೀಕ್ಷೆಯಲ್ಲಿ ಐದು ಸಲ ಬಿದ್ದವನು,
ಐದೂ ಸಲ ಪಾರ್ಕಿಂಗಿನಲ್ಲಿ.

ಆದರೂ ಇಲ್ಲಿಯ ಹೆದ್ದಾರಿಗಳೆಲ್ಲ ನನಗೆ ಬಾಯಿಪಾಠ.
ಎಲ್ಲಿ ಮಿಂಚುತ್ತದೆ, ಎಲ್ಲಿ ಮಿಂಚದೆಯೇ ಹಿಡಿಯುತ್ತದೆ,
ಯಾವ ಸೇತುವೆಯ ಬೆನ್ನಿಗೆ ಅಂಟಿ ಕೂತಿದೆ
ರೆಪ್ಪೆಯಿಲ್ಲದ ಆ ಬೂದು ಪೆಟ್ಟಿಗೆ.
ಬೋರ್ಡಿನ ಮೇಲೆ ನೂರು. ಪೆಟ್ಟಿಗೆಯ ಲೆಕ್ಕ ನೂರಿಪ್ಪತ್ತು.
ನಡುವಿನ ಇಪ್ಪತ್ತು ಇದೆಯಲ್ಲ,
ಅದು ಅಂಗಡಿಯವ ಮಗುವಿನ ಕೈಗಿಡುವ ಬೆಲ್ಲದ ಚೂರು;
ಇನ್ನೂ ಬೇಕೆಂದರೆ ತಕ್ಕಡಿ ಎತ್ತುತ್ತಾನೆ.
ಅಬುಧಾಬಿಯ ಗಡಿ ದಾಟಿದಿರೋ, ಬೆಲ್ಲವೂ ಇಲ್ಲ.

ಬೆಳಗ್ಗೆ ಎಂಟಕ್ಕೆ, ಚಹಾ ಆರುವ ಮೊದಲು
ಪರದೆ ಬಿಚ್ಚುತ್ತೇನೆ: ಗಾಡಿ, ಜಾಗ, ಗಳಿಗೆ, ವೇಗ.
ಫಕೀರಬ್ಬ, ನೂರಮೂವತ್ತನಾಲ್ಕು, ನಸುಕಿನ ನಾಲ್ಕೂ ಐವತ್ತು.
ಹೋಟೆಲಿನ ಹಾಸುಬಟ್ಟೆ ಆರಕ್ಕೆ ಮುಟ್ಟದಿದ್ದರೆ ಅದಕ್ಕೂ ದಂಡ,
ಆ ದಂಡಕ್ಕೆ ಫೋಟೊ ಇರುವುದಿಲ್ಲ.
ಗುಲ್ ಜಮಾನ್, ನೂರನಲವತ್ತೊಂದು, ರಮ್ಜಾನಿನ ಸಂಜೆ,
ಸೂರ್ಯ ಮುಳುಗಲು ಆರು ನಿಮಿಷ ಬಾಕಿ.
ಹಸಿದವನ ಕಾಲು ಎಷ್ಟು ಭಾರ ನೋಡಿ.
ಖರ್ಜೂರ ಪಕ್ಕದ ಸೀಟಿನ ಮೇಲೇ ಇತ್ತಂತೆ,
ರೂಮಿನವರ ಜೊತೆ ಕೂತು ತಿನ್ನಬೇಕಿತ್ತು, ಅಷ್ಟೆ.
ಶೇಖರ ಸಾಲ್ಯಾನ್ ಬಂದು ಕೇಳುತ್ತಾನೆ,
"ಫೋಟೊದಲ್ಲಿ ಮುಖ ಕಾಣ್ತದಾ? ಕಂಡರೆ ಒಂದು ಪ್ರಿಂಟು ಕೊಡಿ,
ಆರುನೂರು ದಿರಮಿನ ಸ್ಟುಡಿಯೋ ಅಲ್ವಾ ಇದು!"
ನಂಬರ್ ಪ್ಲೇಟು ಮಾತ್ರ ಮಾರಾಯ, ಅದೂ ಬೆನ್ನ ಕಡೆಯಿಂದ.
ಎಲ್ಲರ ಷರಾವೂ ಒಂದೇ: ಸಂಬಳದಲ್ಲಿ ಕಡಿತ.

ತಾರಾನಾಥ ಕುಂದರನ ಹೆಸರು ಒಂಬತ್ತು ವರ್ಷದಲ್ಲಿ ಬಂದಿರಲಿಲ್ಲ.
ಮೊನ್ನೆ ಬಂತು.
ಎಡತುದಿಯ ಲೇನು, ರಾತ್ರಿ ಹನ್ನೊಂದೂವರೆ,
ವೇಗ: ಅರವತ್ತೆಂಟು.
ಕನ್ನಡಕ ಒರೆಸಿ ಮತ್ತೆ ಓದಿದೆ.
ನಿಧಾನಕ್ಕೂ ದಂಡ ಉಂಟು, ಗೊತ್ತಿತ್ತು;
ನಾನು ಬರೆಯುವುದು ಇದೇ ಮೊದಲು.

ಕರೆದು ಕೇಳಿದೆ. ಟಯರಾ? ಇಂಜಿನ್ನಾ? ನಿದ್ದೆಯಾ?
ಅವನು ನನ್ನ ಸ್ಟೇಪ್ಲರನ್ನು ತಿರುಗಿಸುತ್ತ ನಿಂತ,
ಉಚ್ಚಿಲದಲ್ಲಿ ಬೋಟಿನ ಚುಕ್ಕಾಣಿ ಹಿಡಿದ ಕೈ ಅದು.
"ಏರ್‌ಪೋರ್ಟಿಂದ ಬರ್ತಾ ಇದ್ದೆ.
ಜಲಜಾಕ್ಷಿ ಬಂದಳು. ವಿಸಿಟ್ ವೀಸಾ, ಮೂವತ್ತು ದಿವಸ.
ಹಿಂದೆ ಹೋಟೆಲಿನ ಮಾಸಿದ ಬಟ್ಟೆ, ಮುಂದೆ ನಾವಿಬ್ಬರು.
ಅವಳು ಮಾತಾಡಲಿಲ್ಲ. ಕಂಬದ ದೀಪ ಎಣಿಸ್ತಿದ್ದಳು,
ಗಟ್ಟಿಯಾಗಿ, ಒಂದೊಂದೇ.
ಎಂದಿನಂತೆ ಓಡಿಸಿದ್ದರೆ ಅವಳ ಲೆಕ್ಕ ತಪ್ಪುತ್ತಿತ್ತು."

ಹೋಗಲಿ, ಎಡದ ಲೇನು ಯಾಕೆ?
"ಮೆಲ್ಲ ಹೋಗುವವ ಎಡಕ್ಕೆ ಅಲ್ವಾ, ಊರಲ್ಲಿ?
ಒಂಬತ್ತು ವರ್ಷ ಆಯಿತು ಅನ್ನುವುದು ಆ ಹೊತ್ತಿಗೆ ಮರೆತೇಹೋಯಿತು.
ಹಿಂದಿನವ ಹಾರ್ನ್ ಹೊಡೆದ, ಲೈಟು ಹೊಡೆದ,
ಬಲಕ್ಕೆ ಬಂದು ಕಿಟಕಿ ಇಳಿಸಿ ಕೈ ಎತ್ತಿ ಬೈದ.
ಅವಳು ಅವನಿಗೆ ನಮಸ್ಕಾರ ಮಾಡಿದಳು."

ಕಂಪನಿ ಗಾಡಿಯಲ್ಲಿ ಹೆಂಡತಿ. ಅದಕ್ಕೆ ಬೇರೆಯೇ ಕಾಲಮ್ಮು ಉಂಟು.
ನಾನು ಅತ್ತ ನೋಡಲಿಲ್ಲ.
ಎಷ್ಟಾಯಿತು ಒಟ್ಟು, ಅಂದೆ.
"ನಾನ್ನೂರು ದಿರಮ್," ಅಂದ, ತಲೆ ತಗ್ಗಿಸಿ.
ಅದಲ್ಲ. ದೀಪ.
"ಮುನ್ನೂರ ಹನ್ನೆರಡು. ಆಮೇಲೆ ನಿದ್ದೆ ಹೋದಳು.
ಉಳಿದದ್ದನ್ನು ನಾನು ಎಣಿಸಿದೆ."

ಷರಾದಲ್ಲಿ ಬರೆದೆ:
ಮುಂದಿನ ಬಲ ಟಯರಿನಲ್ಲಿ ಗಾಳಿ ಕಡಿಮೆ. ಖರ್ಚು ಕಂಪನಿಯದು.
ಮ್ಯಾನೇಜರು ಕೇಳಿದರೆ
ಗಾಡಿಯೇ ಬಾರದವನಿಗೆ ಗಾಳಿಯ ಸಂಗತಿ ಏನು ಗೊತ್ತು ಸಾರ್,
ಅಂದರಾಯಿತು.